ಚಿಮಣಿಯೊಳಗಿನ ಇಲ್ಲಣ

ಅಮೆರಿಕದ ವರ್ಮಾಂಟ್‌ನಲ್ಲಿ ನಾವು ಕೊಂಡ ಹಳೇ ಮನೆಯ ಹಾಲ್‌ನಲ್ಲಿ ಇಟ್ಟಿಗೆಯ ಬೆಂಕಿಗೂಡು ಇತ್ತು. ಅದರ ಬಾಯಿಗೆ ಒತ್ತಿಕೊಂಡ ಹಾಗೆ ಒಂದು ಕಬ್ಬಿಣದ ಕಟ್ಟಿಗೆ ಒಲೆ. ನನಗೆ ಮನೆ ಇಷ್ಟವಾಗಿದ್ದೇ ಅದಕ್ಕೆ. ಇಲ್ಲಿ ಮೈನಸ್ 20 ಡಿಗ್ರಿಗೆ ಇಳಿಯುವ ರಾತ್ರಿಗಳಿವೆ. ಮರ ಬಿದ್ದು ಕರೆಂಟ್ ಹೋದರೆ ಆಯಿಲ್ ಬಾಯ್ಲರ್ ಕೂಡ ನಿಲ್ಲುತ್ತದೆ. ಮನೇಲಿ ಎರಡು ವರ್ಷದ ಮಗು. ಕರೆಂಟ್ ಬೇಡದ ಒಲೆ ಒಂದಿದ್ದರೆ ಎಷ್ಟು ಧೈರ್ಯ, ಅಲ್ವಾ?

ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಒಲೆಗೆ ಚಿಮಣಿಯೇ ಇರಲಿಲ್ಲ. ಹೊಗೆ ಅಟ್ಟ ಹತ್ತಿ, ಹಂಚಿನ ಸಂದಿಯಲ್ಲಿ ನುಸುಳಿ ಹೋಗುತ್ತಿತ್ತು. ತೊಲೆಗಳಿಂದ ಇಲ್ಲಣ ಜೋತಾಡುತ್ತಿತ್ತು. ಅಜ್ಜಿಯ ಕಣ್ಣು ಸದಾ ಕೆಂಪು. ಇಲ್ಲಿ ಸೂರು ದಾಟಿ ನಿಂತ ಇಟ್ಟಿಗೆಯ ಚಿಮಣಿ ನೋಡಿದಾಗ, ಹೊಗೆಯ ಚಿಂತೆ ಇನ್ನಿಲ್ಲ ಅಂದುಕೊಂಡೆ.

ಅಕ್ಟೋಬರ್‌ನ ಒಂದು ಶನಿವಾರ ಸಂಜೆ ಮೊದಲ ಸಲ ಒಲೆ ಹಚ್ಚಿದೆ. ಐದು ನಿಮಿಷ ಚೆನ್ನಾಗಿ ಉರಿಯಿತು. ಆಮೇಲೆ ಬಾಗಿಲ ಸಂದಿಯಿಂದ ಹೊಗೆ ತಿರುಗಿ ಬಂತು. ಕಿಟಕಿ ತೆಗೆಯುವಷ್ಟರಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಕಿರುಚತೊಡಗಿತು. ಹೊಗೆಯಾದರೆ ಕಣ್ಣಿಗೆ ಕಾಣುತ್ತದೆ. ಆ ಅನಿಲ ಕಾಣುವುದಿಲ್ಲ, ಅದಕ್ಕೆ ವಾಸನೆಯೂ ಇಲ್ಲ. ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಅಂಗಳಕ್ಕೆ ಓಡಿದೆವು. ಫೈರ್‌ನವರು ಬಂದು ಕೆಂಡವನ್ನೆಲ್ಲ ಕಬ್ಬಿಣದ ಬಕೆಟ್‌ಗೆ ತುಂಬಿ ಹೊರಗಿಟ್ಟರು. ಚಿಮಣಿ ತೋರಿಸದೆ ಮತ್ತೆ ಕಡ್ಡಿ ಗೀರಬೇಡಿ ಅಂದರು.

ಮಂಗಳವಾರ ಚಿಮಣಿ ಗುಡಿಸುವವರು ಬಂದರು. ಒಲೆಯನ್ನು ಮುಂದಕ್ಕೆ ಎಳೆದು, ಟಾರ್ಚ್ ಹಿಡಿದು, ನನ್ನನ್ನೂ ಪಕ್ಕದಲ್ಲಿ ಮಲಗಿಸಿ ಮೇಲೆ ನೋಡಿ ಅಂದರು. ಒಲೆಯ ಆರಿಂಚಿನ ಪೈಪ್ ಗೂಡಿನೊಳಗೆ ಎರಡಡಿ ಹೋಗಿ ಅಲ್ಲೇ ಮುಗಿದಿತ್ತು! ಅಲ್ಲಿಂದ ಮೇಲೆ ಮಣ್ಣಿನ ಟೈಲ್‌ಗಳ ಅಗಲ ಕೊಳವೆ, ಒಳಗೆ ಸುಮಾರು ಹನ್ನೊಂದು ಇಂಚು ಚೌಕ. ಪೈಪಿನ ಬಾಯಿಗೆ ಹೋಲಿಸಿದರೆ ವಿಸ್ತೀರ್ಣ ನಾಲ್ಕು ಪಟ್ಟಿಗೂ ಜಾಸ್ತಿ. ಹೊರಗೋಡೆಯ ಚಿಮಣಿಯಲ್ಲಿ ಅದು ಎರಡು ಪಟ್ಟು ಮೀರಬಾರದು ಅಂತ ಎನ್‌ಎಫ್‌ಪಿಎ 211 ಎಂಬ, ಇಲ್ಲಿನ ಅಗ್ನಿ ಸುರಕ್ಷತಾ ಸಂಸ್ಥೆಯ ನಿಯಮ ಇದೆ ಎಂದರು.

ಬೆಂಕಿಗೂಡಿನ ಚಿಮಣಿ ತೆರೆದ ಬೆಂಕಿಗೆ ಕಟ್ಟಿದ್ದು. ಅಲ್ಲಿ ಕೋಣೆಯ ಗಾಳಿಯೂ ಹೊಗೆಯ ಜೊತೆ ರಭಸವಾಗಿ ಏರುತ್ತದೆ. ಮುಚ್ಚಿದ ಒಲೆಯಿಂದ ಬರುವ ಹೊಗೆ ಕಡಿಮೆ. ಅಷ್ಟು ಅಗಲದ ಜಾಗ ಸಿಕ್ಕರೆ ಅದು ನಿಧಾನವಾಗುತ್ತದೆ, ತಣ್ಣಗಾಗುತ್ತದೆ. ನಮ್ಮ ಚಿಮಣಿಯೋ ಮನೆಯ ಹೊರಗೆ ಚಳಿಯಲ್ಲಿ ನಿಂತದ್ದು. ಒಳಗಿನ ತಣ್ಣನೆ ಗಾಳಿ ಭಾರವಾಗಿ ಕೆಳಕ್ಕೇ ಒತ್ತುತ್ತದೆ. ಏರಲಾರದ ಹೊಗೆ ಮನೆಯೊಳಕ್ಕೆ ಬರುತ್ತದೆ, ಉಳಿದದ್ದು ಗೋಡೆಗೆ ಹಿಡಿಯುತ್ತದೆ.

ಹಾಗೆ ಹಿಡಿದದ್ದರ ಒಂದು ಚೂರನ್ನು ಅವರು ಕೆರೆದು ನನ್ನ ಅಂಗೈಗೆ ಹಾಕಿದರು. ಕಪ್ಪಗೆ, ಗಾಜಿನ ಹಾಗೆ ಹೊಳೆಯುತ್ತಿತ್ತು. ಜೋನಿ ಬೆಲ್ಲ ತಳ ಹಿಡಿದು ಕರಟಿದ ಹಾಗೆ. ಉಗುರಲ್ಲಿ ಒತ್ತಿದರೂ ಗೀರು ಬೀಳಲಿಲ್ಲ. ಕ್ರಿಯೋಸೋಟ್ ಅಂತ ಇದರ ಹೆಸರು. ಊರಿನ ಇಲ್ಲಣ ಕಡ್ಡಿ ತಾಗಿದರೆ ಉದುರುತ್ತಿತ್ತು. ಇದು ಬ್ರಷ್‌ಗೂ ಜಗ್ಗುವುದಿಲ್ಲ. ಕಿಡಿ ತಗುಲಿದರೆ ಚಿಮಣಿಯೊಳಗೇ ಹೊತ್ತಿಕೊಳ್ಳುತ್ತದೆ. ಕ್ಯಾಮೆರಾ ಇಳಿಸಿದಾಗ ಒಂದು ಟೈಲ್ ಉದ್ದಕ್ಕೂ ಸೀಳಿದ್ದೂ ಕಂಡಿತು. ಅದರ ಹಿಂದೆ ಇಟ್ಟಿಗೆ, ಇಟ್ಟಿಗೆಯ ಹಿಂದೆ ಮಗು ಮಲಗುವ ಕೋಣೆಯ ಮರದ ಗೋಡೆ. ನನಗೆ ಮಾತೇ ಹೊರಡಲಿಲ್ಲ.

ಎರಡು ವಾರದ ಮೇಲೆ ಕೆಲಸ ಶುರುವಾಯಿತು. ಮೊದಲು ಆ ಗಟ್ಟಿ ಪದರವನ್ನು ಯಂತ್ರದಿಂದ ಒಡೆದು ತೆಗೆದರು. ಒಲೆಯ ಬಾಯಿಂದ ಚಿಮಣಿಯ ತುದಿವರೆಗೆ ಒಂದೇ ಆರಿಂಚಿನ ಸ್ಟೇನ್‌ಲೆಸ್ ಸ್ಟೀಲ್ ಕೊಳವೆ, ಅದರ ಸುತ್ತ ಶಾಖ ಬಿಡದ ಹೊದಿಕೆ. ಗೂಡು ಚಿಮಣಿಗೆ ಸೇರುವ ಕತ್ತಿನ ಭಾಗವನ್ನು ತಗಡು ಬಡಿದು ಮುಚ್ಚಿದರು. ಚಿಮಣಿ ಸೂರು ದಾಟುವ ಜಾಗದಿಂದ ತುದಿ ಕನಿಷ್ಠ ಮೂರಡಿ ಮೇಲಿರಬೇಕು. ಜೊತೆಗೆ ಹತ್ತಡಿ ಸುತ್ತಲಿನ ಎಲ್ಲಕ್ಕಿಂತ ಎರಡಡಿ ಎತ್ತರ ಇರಬೇಕು. ಅದನ್ನು ಟೇಪ್ ಹಿಡಿದು ಅಳೆದರು. ಬಾಯ್ಲರ್‌ನ ಹೊಗೆಗೆ ಬೇರೆಯದೇ ಕೊಳವೆ ಇದೆಯಾ ಅಂತಲೂ ನೋಡಿದರು. ಇತ್ತು. ದುಡ್ಡು ಒಲೆಯ ಬೆಲೆಗಿಂತ ಜಾಸ್ತಿಯೇ ಆಯಿತು. ಒಂದು ಡಾಲರೂ ದಂಡ ಅನ್ನಿಸಿಲ್ಲ.

ಹೊರಡುವಾಗ ನನ್ನ ಕಟ್ಟಿಗೆ ರಾಶಿಗೆ ತೇವ ಅಳೆಯುವ ಮೀಟರ್ ಚುಚ್ಚಿದರು. ಶೇಕಡಾ 31. ಇಪ್ಪತ್ತರ ಒಳಗೆ ಬರಬೇಕಂತೆ. ಒಣ ಕಟ್ಟಿಗೆ ಅಂತಲೇ ಕೊಂಡಿದ್ದೆ. ಅಜ್ಜಿಯಾಗಿದ್ದರೆ ಎರಡು ತುಂಡು ಒಂದಕ್ಕೊಂದು ಬಡಿದು ಸದ್ದಿನಲ್ಲೇ ಹೇಳುತ್ತಿದ್ದಳು. ಮಳೆಗಾಲಕ್ಕೆ ಮುಂಚೆ ಕೊಟ್ಟಿಗೆಯಲ್ಲಿ ಒಟ್ಟಿದ್ದನ್ನೇ ಅವಳು ಉರಿಸುತ್ತಿದ್ದದ್ದು. ಆ ರಾಶಿಯನ್ನು ಮುಂದಿನ ವರ್ಷಕ್ಕೆ ಬಿಟ್ಟು, ಬೇರೆ ಒಣಗಿದ್ದು ತಂದೆ.

ಆ ಸಂಜೆ ಸುರುಳಿ ಸುತ್ತಿದ ಪೇಪರ್ ಹಚ್ಚಿ ಒಲೆಯ ಮೇಲ್ಭಾಗಕ್ಕೆ ಹಿಡಿದೆ. ಜ್ವಾಲೆ ಒಮ್ಮೆ ತಡವರಿಸಿ, ಆಮೇಲೆ ಸುಯ್ಯಂತ ಮೇಲಕ್ಕೆ ಎಳೆಯಿತು. ಅರ್ಧ ಗಂಟೆ ಬಿಟ್ಟು ಅಂಗಳಕ್ಕೆ ಹೋಗಿ ನೋಡಿದೆ. ಚಿಮಣಿಯ ತುದಿಯಲ್ಲಿ ಹೊಗೆ ಕಾಣಲಿಲ್ಲ, ಬಿಸಿಗಾಳಿಯ ಅಲುಗಾಟ ಮಾತ್ರ.

ಮುಂದಿನ ಸೆಪ್ಟೆಂಬರ್‌ನಲ್ಲಿ ಅವರೇ ಬಂದು ಬ್ರಷ್ ಇಳಿಸಿದರು. ಕೆಳಗೆ ಬಿದ್ದದ್ದು ಒಂದು ಲೋಟದಷ್ಟು ಒಣ ಕಂದು ಪುಡಿ.