ಲೋಡ್ 14, ಸಿಪಿಯು ಮಾತ್ರ ಖಾಲಿ

ಲಿನಕ್ಸ್ ಸರ್ವರ್ ನಿಧಾನ ಆಯ್ತು ಅಂದ ತಕ್ಷಣ ಕೈ ತಾನಾಗಿ, ಓಡುತ್ತಿರುವ ಪ್ರೋಸೆಸ್‌ಗಳ (ಪ್ರೋಗ್ರಾಂಗಳ) ಪಟ್ಟಿ ತೋರಿಸುವ ಟಾಪ್ ಕಮಾಂಡ್ ಕಡೆಗೆ ಹೋಗುತ್ತದೆ, ಅಲ್ವಾ? ನಾನೀಗ ಮೊದಲು ಅಪ್‌ಟೈಮ್ ಹೊಡೆಯುತ್ತೇನೆ. ಒಂದೇ ಸಾಲು, ಅದರ ಕೊನೆಯಲ್ಲಿ ಮೂರು ಅಂಕಿ: ಹಿಂದಿನ 1, 5 ಮತ್ತು 15 ನಿಮಿಷಗಳ ಲೋಡ್ ಸರಾಸರಿ, ಅಂದರೆ ಓಡುತ್ತಿರುವ ಮತ್ತು ಕಾಯುತ್ತಿರುವ ಪ್ರೋಸೆಸ್‌ಗಳ ಸರಾಸರಿ ಸಂಖ್ಯೆ. ಮೊದಲನೆಯದು ಮೂರನೆಯದಕ್ಕಿಂತ ದೊಡ್ಡದಿದ್ದರೆ ಭಾರ ಏರುತ್ತಿದೆ, ಚಿಕ್ಕದಿದ್ದರೆ ಇಳಿಯುತ್ತಿದೆ. ಜೊತೆಗೆ ಎನ್‌ಪ್ರಾಕ್ ಹೊಡೆದು ಸಿಪಿಯು ಕೋರ್ ಎಷ್ಟಿವೆ ಅಂತಲೂ ನೋಡಬೇಕು. ಲೋಡ್ 4 ಅಂದರೆ 2 ಕೋರ್ ಮಷಿನ್‌ಗೆ ಭಾರ, 16 ಕೋರ್‌ಗೆ ಅದು ಲೆಕ್ಕಕ್ಕೇ ಇಲ್ಲ.

ಒಂದು ರಾತ್ರಿ 4 ಕೋರ್ ಮಷಿನ್‌ನಲ್ಲಿ ಲೋಡ್ 14 ತೋರಿಸಿತು. ಟಾಪ್ ತೆರೆದು ನೋಡಿದರೆ ಸಿಪಿಯು ತಿನ್ನುವ ಪ್ರೋಸೆಸ್ ಒಂದೂ ಇಲ್ಲ. ಹತ್ತು ನಿಮಿಷ ಸುಮ್ನೆ ಆ ಪಟ್ಟಿಯನ್ನೇ ನೋಡುತ್ತಾ ಕೂತಿದ್ದೆ. ಉತ್ತರ ಪಟ್ಟಿಯಲ್ಲಿ ಇರಲಿಲ್ಲ, ಅದರ ಮೇಲಿನ ಸಿಪಿಯು ಸಾಲಿನಲ್ಲಿತ್ತು: 'ಡಬ್ಲ್ಯುಎ' ಅನ್ನುವ ಅಂಕಿ ಶೇಕಡಾ 60 ದಾಟಿತ್ತು. ಅಂದರೆ ಸಿಪಿಯುಗೆ ಮಾಡಲು ಬೇರೆ ಕೆಲಸ ಇಲ್ಲ, ಡಿಸ್ಕ್ ಉತ್ತರ ಕೊಡಲಿ ಅಂತ ಕಾಯುತ್ತಿದೆ. ಲಿನಕ್ಸ್‌ನಲ್ಲಿ ಲೋಡ್ ಲೆಕ್ಕಕ್ಕೆ ಓಡುತ್ತಿರುವ ಪ್ರೋಸೆಸ್‌ಗಳು, ಸರದಿಯಲ್ಲಿ ನಿಂತವು ಮಾತ್ರ ಅಲ್ಲ, ಹೀಗೆ ಡಿಸ್ಕ್‌ಗೆ ಕಾದು ಸಿಕ್ಕಿಕೊಂಡವೂ ಸೇರುತ್ತವೆ. ಪ್ರೋಸೆಸ್‌ಗಳ ವಿವರ ತೋರಿಸುವ ಪಿಎಸ್ ಕಮಾಂಡ್ ಕೊಟ್ಟಾಗ ಸ್ಥಿತಿಯ ಕಾಲಂನಲ್ಲಿ ಅವುಗಳ ಎದುರು 'ಡಿ' ಅಕ್ಷರ ಇರುತ್ತದೆ. ನನಗೆ ಅಂಥವು ಹನ್ನೆರಡು ಸಿಕ್ಕವು. ಹಿಂದಿನ ಬ್ಯಾಕಪ್ ಇನ್ನೂ ಮುಗಿದಿರಲಿಲ್ಲ, ಅಷ್ಟರಲ್ಲಿ ನಿಗದಿತ ಹೊತ್ತಿಗೆ ಕೆಲಸ ಶುರು ಮಾಡುವ ಕ್ರಾನ್ ಇನ್ನೊಂದನ್ನು ಶುರು ಮಾಡಿಬಿಟ್ಟಿತ್ತು, ಎರಡೂ ಒಂದೇ ಡಿಸ್ಕ್ ಮೇಲೆ ಬಿದ್ದಿದ್ದವು, ಪಾಪ ಡೇಟಾಬೇಸ್ ಹಿಂದೆ ಕಾಯುತ್ತಿತ್ತು. ಎರಡನೇ ಬ್ಯಾಕಪ್ ನಿಲ್ಲಿಸಿದೆ. ಅದೂ ಕಿಲ್ (ನಿಲ್ಲು ಅನ್ನುವ ಸಿಗ್ನಲ್) ಕೊಟ್ಟ ಕೂಡಲೇ ಸಾಯಲಿಲ್ಲ, 'ಡಿ' ಸ್ಥಿತಿಯಲ್ಲಿರುವ ಪ್ರೋಸೆಸ್ ಆ ಕಾಯುವಿಕೆಯಿಂದ ಹೊರಬಂದ ಮೇಲೆಯೇ ಸಿಗ್ನಲ್‌ಗೆ ಕಿವಿಗೊಡುವುದು. ಆಮೇಲೆ ಮೊದಲ ಅಂಕಿ ಬೇಗ ಬೇಗ ಇಳಿಯಿತು, 15 ನಿಮಿಷದ್ದು ಮಾತ್ರ ಬಹಳ ಹೊತ್ತು ಮೇಲೆಯೇ ಇತ್ತು. ಮರುದಿನ ಬೆಳಿಗ್ಗೆ ಆ ಕ್ರಾನ್ ಸಾಲಿಗೆ ಎಫ್‌ಲಾಕ್ ಸೇರಿಸಿದೆ, ಒಂದು ಓಡುತ್ತಿರುವಾಗ ಇನ್ನೊಂದು ಶುರುವಾಗದಂತೆ.

ಮೆಮೊರಿ ವಿಷಯದಲ್ಲಿ ಜನ ಜಾಸ್ತಿ ಗಾಬರಿಯಾಗುತ್ತಾರೆ. 'ಫ್ರೀ ಮೈನಸ್ ಎಚ್' ಕೊಟ್ಟಾಗ 16 ಜಿಬಿಯಲ್ಲಿ 'ಫ್ರೀ' ಅಡಿ ಬರೀ 300 ಎಂಬಿ ಕಂಡರೆ ಎದೆ ಧಸಕ್ ಅನ್ನುತ್ತದೆ ನಿಜ. ಆದರೆ ಕರ್ನಲ್ (ಲಿನಕ್ಸ್‌ನ ತಿರುಳಿನ ಭಾಗ) ಖಾಲಿ ರ್‍ಯಾಮ್ ಅನ್ನು ವ್ಯರ್ಥ ಬಿಡುವುದಿಲ್ಲ, ಓದಿದ ಫೈಲ್‌ಗಳನ್ನು ಅಲ್ಲೇ ಕ್ಯಾಶ್ ಮಾಡಿಟ್ಟು, ಯಾರಾದರೂ ಮೆಮೊರಿ ಕೇಳಿದಾಗ ಬಿಟ್ಟುಕೊಡುತ್ತದೆ. ನೋಡಬೇಕಾದದ್ದು ಕೊನೆಯ 'ಅವೈಲಬಲ್' ಕಾಲಂ. ಈ ಅಂದಾಜನ್ನು ಕರ್ನಲ್ಲೇ ಕೊಡಲು ಶುರು ಮಾಡಿದ್ದು 2014ರ 3.14 ಆವೃತ್ತಿಯಿಂದ. ಅಲ್ಲಿ 9 ಜಿಬಿ ಇದ್ದರೆ ದಯವಿಟ್ಟು ಸರ್ವರ್ ರೀಸ್ಟಾರ್ಟ್ ಮಾಡಬೇಡಿ, ಕಷ್ಟಪಟ್ಟು ತುಂಬಿದ ಕ್ಯಾಶ್ ಎಲ್ಲ ಹೋಗಿ ಸ್ವಲ್ಪ ಹೊತ್ತು ಇನ್ನೂ ನಿಧಾನ ಆಗುತ್ತದೆ. ಸ್ವಾಪ್ (ಮೆಮೊರಿಯ ಬದಲಿಗೆ ಬಳಸುವ ಡಿಸ್ಕ್ ಜಾಗ) ಸ್ವಲ್ಪ ಬಳಕೆಯಾಗಿದ್ದರೂ ಅದೇ ದೊಡ್ಡ ತೊಂದರೆ ಅಲ್ಲ. 'ವಿಎಂಸ್ಟಾಟ್ 1' ಓಡಿಸಿ 'ಎಸ್ಐ' (ಸ್ವಾಪ್‌ನಿಂದ ಒಳಗೆ), 'ಎಸ್ಓ' (ಸ್ವಾಪ್‌ಗೆ ಹೊರಗೆ) ಕಾಲಂಗಳಲ್ಲಿ ಪ್ರತಿ ಸೆಕೆಂಡೂ ಅಂಕಿ ಬರುತ್ತಲೇ ಇದ್ದರೆ ಆಗ ಚಿಂತೆ ಮಾಡಿ. ಮೊದಲ ಸಾಲು ಬಿಟ್ಟುಬಿಡಿ, ಅದು ಮಷಿನ್ ಬೂಟ್ ಆದಾಗಿನಿಂದ ಇಲ್ಲಿಯವರೆಗಿನ ಸರಾಸರಿ.

ಡಿಸ್ಕ್‌ಗೆ ಡಿಎಫ್ (ಡಿಸ್ಕ್ ಒಟ್ಟು ಎಷ್ಟು ತುಂಬಿದೆ), ಡಿಯು (ಫೈಲ್, ಫೋಲ್ಡರ್‌ಗಳು ಎಷ್ಟು ಜಾಗ ತಿಂದಿವೆ) ಎರಡೂ ಎಲ್ಲರಿಗೂ ಗೊತ್ತು. ಡಿಎಫ್ ತುಂಬಿದೆ ಅನ್ನುತ್ತದೆ, ಡಿಯು ಕೂಡಿಸಿದರೆ ಅರ್ಧವೂ ಆಗುವುದಿಲ್ಲ ಅಂದಾಗ, ಡಿಲೀಟ್ ಮಾಡಿದ ದೊಡ್ಡ ಲಾಗ್ ಫೈಲನ್ನು ಯಾವುದೋ ಪ್ರೋಸೆಸ್ ಇನ್ನೂ ತೆರೆದಿಟ್ಟುಕೊಂಡಿದೆಯಾ ನೋಡಿ. 'ಎಲ್‌ಎಸ್ಓಎಫ್ ಪ್ಲಸ್ ಎಲ್ 1' ಅದರ ಹೆಸರನ್ನೇ ತೋರಿಸುತ್ತದೆ, ಆ ಪ್ರೋಸೆಸ್ ರೀಸ್ಟಾರ್ಟ್ ಮಾಡಿದರೆ ಜಾಗ ವಾಪಸ್ ಬರುತ್ತದೆ. ಜಾಗ ಇದ್ದೂ ಹೊಸ ಫೈಲ್ ಆಗುತ್ತಿಲ್ಲವಾದರೆ 'ಡಿಎಫ್ ಮೈನಸ್ ಐ' ಕೊಡಿ, ಲಕ್ಷಗಟ್ಟಲೆ ಪುಟ್ಟ ಸೆಷನ್ ಫೈಲ್‌ಗಳು ಐನೋಡ್‌ಗಳನ್ನು (ಪ್ರತಿ ಫೈಲ್‌ಗೂ ಬೇಕಾಗುವ ದಾಖಲೆಗಳನ್ನು) ಮುಗಿಸಿರಬಹುದು.