‘ಸವೆದಿದೆ’ ಅನ್ನುವ ಮೊದಲು

ಹರಿಹರ, ಮಲೇಬೆನ್ನೂರು ಕಡೆಯ ಗದ್ದೆಗಳಲ್ಲಿ ನಾಟಿ ಮಾಡಿ ಸೊಂಟ ಹಿಡಿದ ಹೆಣ್ಣುಮಗಳು ದಾವಣಗೆರೆಗೆ ಫಿಸಿಯೋಥೆರಪಿಗೆಂದು ಬರುವಾಗ ಕೈಯಲ್ಲಿ ಎಂಆರ್‌ಐ ಕವರು ಇರುತ್ತದೆ. ಬಾಯಲ್ಲಿ ಯಾರೋ ಹೇಳಿದ ಒಂದು ಮಾತಿರುತ್ತದೆ: “ಮೂಳೆ ಸವದೈತಂತ್ರಿ, ಗ್ಯಾಪ್ ಬಂದೈತಂತ್ರಿ.”

ನಮ್ಮ ಮಂದಿಗೆ ಸವೆಯುವುದು ಅಂದರೆ ಚಪ್ಪಲಿ, ಟ್ರ್ಯಾಕ್ಟರ್ ಟೈರು. ಬಳಸಿದಷ್ಟೂ ಸವೆಯುತ್ತವೆ, ಮತ್ತೆ ಬೆಳೆಯುವುದಿಲ್ಲ. ಹಾಗಾಗಿ ಆಕೆ ಬಗ್ಗುವುದು ಬಿಡುತ್ತಾಳೆ, ಕೊಡ ಎತ್ತುವುದು ಬಿಡುತ್ತಾಳೆ. ಕೆಲವು ತಿಂಗಳಲ್ಲಿ ಬೆನ್ನಿನ ಸ್ನಾಯು ಸೊರಗಿ, ಮೊದಲು ನೋಯದಿದ್ದ ಕೆಲಸವೂ ನೋಯತೊಡಗುತ್ತದೆ. ಫಿಸಿಯೋಥೆರಪಿಸ್ಟರಾದ ನಾವು ಹೇಳಿಕೊಡುವ ವ್ಯಾಯಾಮ ಆಕೆಯ ಕಣ್ಣಿಗೆ ಇದ್ದಷ್ಟನ್ನೂ ಸವೆಸುವ ಕೆಲಸ. “ಹೇಳಿದ್ದು ಮಾಡಲ್ಲ” ಎಂದು ಬೈಯುವುದಕ್ಕಿಂತ ಮುಂಚೆ ಆ ಮಾತಿನ ಗಂಟು ಬಿಚ್ಚಬೇಕು.

ಅದಕ್ಕೂ ಮೊದಲು ಅಪಾಯದ ಚಿಹ್ನೆ ಕೇಳಿ. ಮೂತ್ರ ಕಟ್ಟುವುದು ಅಥವಾ ಗೊತ್ತಾಗದೆ ಹೋಗುವುದು, ಕೂರುವ ಜಾಗ ಮರಗಟ್ಟುವುದು, ಪಾದ ಜೋತುಬೀಳುವುದು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದದ್ದು, ಬಿದ್ದ ಪೆಟ್ಟು. ಮೊದಲ ಮೂರರಲ್ಲಿ ಒಂದು ಹೊಸದಾಗಿ ಶುರುವಾಗಿದ್ದರೂ ಅದೇ ದಿನ ಆಸ್ಪತ್ರೆಗೆ ಕಳಿಸಬೇಕು. ಮಗನೋ ಅಳಿಯನೋ ಪಕ್ಕದಲ್ಲಿ ನಿಂತಿದ್ದರೆ ಮೂತ್ರದ ಮಾತು ಹೊರಗೆ ಬರುವುದೇ ಇಲ್ಲ. ಅವರನ್ನು ಚೀಟಿ ಮಾಡಿಸಲು ಕಳಿಸಿ, ಆಮೇಲೆ ನೇರವಾಗಿ ಕೇಳಿ.

ಇವ್ಯಾವೂ ಇಲ್ಲ ಎಂದು ಖಾತ್ರಿಯಾದ ಮೇಲೆ ಕವರಿಗೆ ಕೈ ಹಾಕಬಹುದು. ಬೆನ್ನುನೋವೇ ಇಲ್ಲದ 3,110 ಜನರ ಸ್ಕ್ಯಾನುಗಳನ್ನು ಒಟ್ಟು ಮಾಡಿ ನೋಡಿದ ಸಮೀಕ್ಷೆಯೊಂದು 2015ರಲ್ಲಿ ಪ್ರಕಟವಾಗಿದೆ. ಅದರ ಪ್ರಕಾರ ಇಪ್ಪತ್ತರ ವಯಸ್ಸಿನಲ್ಲೇ ಶೇ 37 ಮಂದಿಗೆ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಸವಕಳಿ ಕಾಣುತ್ತದೆ, ಐವತ್ತರಲ್ಲಿ ಶೇ 80 ಮಂದಿಗೆ. ಶೇಕಡಾ ಲೆಕ್ಕ ಆಕೆಗೆ ಬೇಕಿಲ್ಲ. “ಅಮ್ಮಾ, ತಲೆಗೂದಲು ಬೆಳ್ಳಗಾಗ್ತಾವಲ್ರೀ, ಒಳಗೂ ಹಂಗೇ ರೀ. ನಿಮ್ಮ ವಾರಿಗೇರು, ನೋವೇ ಇಲ್ಲದೋರು, ಹತ್ತು ಮಂದಿಗೆ ಫೋಟೋ ತೆಗೆಸಿದ್ರೂ ಎಂಟು ಮಂದಿಗೆ ಇದು ಇರ್ತೈತಿ” ಅನ್ನಿ, ಸಾಕು.

ಇಲ್ಲೇ ಎಡವುವವರು ಬಹಳ. “ಫೋಟೋದಾಗೆ ಏನೂ ಇಲ್ಲ” ಎಂದು ಮುಗಿಸಿದರೆ ಆಕೆಗೆ ಕೇಳಿಸುವುದು “ನೀನು ಸುಳ್ಳು ಹೇಳ್ತಿದೀಯ” ಅಂತ. ಸೊಸೆಯ ಎದುರು ಹಾಗಂದರಂತೂ ಮನೆಯಲ್ಲಿ ಆಕೆಯ ಮಾತಿಗೆ ಬೆಲೆಯೇ ಹೋಗುತ್ತದೆ. ಮೊದಲ ವಾಕ್ಯ “ನಿಮ್ಮ ನೋವು ಖರೇನೇ ಐತಿ” ಎಂದಿರಲಿ. ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ 2020ರಲ್ಲಿ ತಿದ್ದಿದ ವ್ಯಾಖ್ಯೆಯೂ ಇದಕ್ಕೆ ಒತ್ತು ಕೊಡುತ್ತದೆ: ನೋವಿನ ಬಗ್ಗೆ ರೋಗಿ ಹೇಳಿದ್ದನ್ನು ಗೌರವಿಸಬೇಕು. ಆಮೇಲೆ ಹೊಲ ಕಾಯುವ ನಾಯಿಯ ಉದಾಹರಣೆ ಕೊಡಿ. ಒಮ್ಮೆ ಕಳ್ಳ ಬಂದು ಹೋದ ಮೇಲೆ ಅದು ಎಲೆ ಅಲುಗಿದರೂ ಬೊಗಳುತ್ತದೆ. ಬೊಗಳುವುದು ಸುಳ್ಳಲ್ಲ, ಆದರೆ ಪ್ರತಿ ಸಲವೂ ಕಳ್ಳ ಬಂದಿರುವುದಿಲ್ಲ. ಬಹಳ ದಿನ ಉಳಿದ ನೋವಿನಲ್ಲಿ ನರವ್ಯೂಹ ಹೀಗೇ ಸೂಕ್ಷ್ಮವಾಗಿರುತ್ತದೆ. ನಿದ್ದೆಗೆಟ್ಟ ರಾತ್ರಿಗಳು ಅದನ್ನು ಇನ್ನಷ್ಟು ಕೆರಳಿಸುತ್ತವೆ. ಒಂದು ಭೇಟಿಗೆ ಇಷ್ಟೇ ಸಾಕು. ಎಲ್ಲವನ್ನೂ ಒಂದೇ ದಿನ ಹೇಳಿದರೆ ಒಂದೂ ಉಳಿಯುವುದಿಲ್ಲ.

“ಹತ್ತಕ್ಕೆ ಎಷ್ಟು ನೋವು?” ಎಂದು ಕೇಳಿದರೆ ವಯಸ್ಸಾದವರ ಉತ್ತರ “ಬಾಳ ಐತ್ರೀ”. ಅವರ ಬಳಿ ಆಣೆ ಲೆಕ್ಕ ಕೇಳಿ ನೋಡಿ: “ಅಜ್ಜೀ, ರೂಪಾಯಿಗೆ ಎಷ್ಟಾಣೆ ಕಡಿಮೆ ಆಗೈತಿ?” ದೀರ್ಘಕಾಲದ ನೋವಿನಲ್ಲಿ ಶೇ 30ರಷ್ಟು ಇಳಿಕೆಯನ್ನು ಗಣನೀಯ ಎಂದು ಪರಿಗಣಿಸುತ್ತಾರೆ. ಅಂದರೆ ರೂಪಾಯಿಯ ಹದಿನಾರಾಣೆಯಲ್ಲಿ ಸುಮಾರು ಐದಾಣೆ. “ಹನ್ನೊಂದಾಣೆ ಇನ್ನೂ ಐತಲ್ರೀ” ಎಂದು ಆಕೆ ಸೋತಾಗ ಆ ಐದಾಣೆಯನ್ನು ನೆನಪಿಸಬೇಕಾದವರು ನಾವೇ.

ಆಕೆ ಬಳಸಿದ ಪದವನ್ನು ಕೇಸ್ ಶೀಟಿನಲ್ಲಿ ಹಾಗೇ ಬರೆದುಕೊಳ್ಳಿ. ಉರಿ, ಜೋಮು, ಕರೆಂಟ್ ಹೊಡೆದಂಗೆ ಅಂದರೆ ನರದ ಕಡೆ ಗಮನ ಕೊಡಬೇಕು. “ಬೆಳಿಗ್ಗೆ ಹಿಡಕಂಡಿರ್ತೈತಿ, ಅಡ್ಡಾಡಿದ್ರೆ ಬಿಡ್ತೈತಿ” ಅನ್ನುವುದು ಬೇರೆಯೇ ಕಥೆ. ಆ ಹಿಡಿತ ಅರ್ಧ ಗಂಟೆ ಮೀರುತ್ತದೆಯೇ ಎಂದು ಕೇಳಿ, ಮೀರಿದರೆ ವಾತರೋಗ ತಜ್ಞರಿಗೆ ತೋರಿಸಲು ಹೇಳಿ. ಎಲ್ಲವನ್ನೂ “ಬೆನ್ನುನೋವು” ಎಂದು ಒಂದೇ ಪದದಲ್ಲಿ ಬರೆದರೆ ಈ ವ್ಯತ್ಯಾಸ ಕಳೆದುಹೋಗುತ್ತದೆ.

“ನಾಟಿಗೆ ಹೋಗಬ್ಯಾಡ್ರಿ” ಎಂದು ಹೇಳುವುದು ಸುಲಭ, ಆದರೆ ಆ ಕೂಲಿಯಿಂದಲೇ ಮನೆ ನಡೆಯುವುದು. ಎಷ್ಟು ಹೊತ್ತಿಗೆ ನೋವು ಏರುತ್ತದೆ ಎಂದು ಕೇಳಿ. ಅರ್ಧ ಗಂಟೆ ಅಂದರೆ ಇಪ್ಪತ್ತು ನಿಮಿಷಕ್ಕೇ ಎದ್ದು ನಿಂತು, ಸೊಂಟಕ್ಕೆ ಕೈ ಕೊಟ್ಟು ಐದಾರು ಸಲ ಹಿಂದಕ್ಕೆ ಬಾಗಲಿ. ಗದ್ದೆಯಲ್ಲಿ ಗಡಿಯಾರ ಯಾರೂ ನೋಡುವುದಿಲ್ಲ; “ಹಿಡಿದ ಸಸಿ ಕಟ್ಟು ಮುಗಿದಾಗೊಮ್ಮೆ” ಎಂದರೆ ನೆನಪಿರುತ್ತದೆ. ವ್ಯಾಯಾಮದಲ್ಲಿ ಸ್ವಲ್ಪ ನೋವಾದರೆ ಹೆದರಬೇಕಿಲ್ಲ. ಮರುದಿನ ಬೆಳಿಗ್ಗೆಗೆ ಮೊದಲಿನ ಮಟ್ಟಕ್ಕೆ ಇಳಿದಿದ್ದರೆ ಅಳತೆ ಸರಿಯಿದೆ, ಇಳಿಯದಿದ್ದರೆ ಎಣಿಕೆ ಅರ್ಧಕ್ಕೆ ತರಬೇಕು, ನಿಲ್ಲಿಸಬಾರದು. ಇದನ್ನು ಮೊದಲೇ ಹೇಳದಿದ್ದರೆ ಎರಡನೇ ದಿನವೇ ವ್ಯಾಯಾಮ ಬಿಟ್ಟುಬಿಡುತ್ತಾರೆ.

ಕಳಿಸುವ ಮುನ್ನ “ಅರ್ಥ ಆಯ್ತಾ?” ಎಂದು ಕೇಳಬೇಡಿ. ಮರ್ಯಾದೆಗೆ ಎಲ್ಲರೂ ಹೂಂ ಅನ್ನುತ್ತಾರೆ. “ಮನ್ಯಾಗೆ ಯಜಮಾನ್ರು ಡಾಕ್ಟ್ರು ಏನಂದ್ರು ಅಂದ್ರೆ ಏನ್ ಹೇಳ್ತೀರಿ?” ಎಂದು ಕೇಳಿ. “ಸವದೈತಂತೆ” ಎಂದೇ ಶುರುಮಾಡಿದರೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಇನ್ನೈದು ನಿಮಿಷ ಕೂರಬೇಕು.