ಕರೆದ ಮೇಲೆ ಕಾಣುವ ಕೆಚ್ಚಲು

"ಮೊದಲು ಹಾಲು ಕರೆಯಿರಿ, ಆಮೇಲೆ ನೋಡುತ್ತೇನೆ" ಎಂದು ದೊಡ್ಡಮ್ಮ ಹೇಳಿದಾಗ ಆಡುಗಳ ಯಜಮಾನರ ಮುಖ ಸ್ವಲ್ಪ ಬಿಗಿಯಿತು. ಕಡೂರಿನಿಂದ ಒಳದಾರಿ ಹಿಡಿದು ಹೋದರೆ ಸಿಗುವ ತೆಂಗಿನ ತೋಟ ಅದು. ಹಾಲಿನ ಆಡೊಂದನ್ನು ಕೊಳ್ಳಲೆಂದು ಬಾಣಾವರದ ಕಡೆಯಿಂದ ನಾವಿಬ್ಬರೂ ಮೊದಲ ಬಸ್ಸಿಗೇ ಹೊರಟು ಬಂದಿದ್ದೆವು. ಮರಕ್ಕೊಂದರಂತೆ ಮೂರು ಆಡುಗಳನ್ನು ಕಟ್ಟಿ ನಿಲ್ಲಿಸಿದ್ದರು, ಮೂರೂ ಕೇರಳದ ತಲಚೇರಿ ತಳಿಯ ಮಿಶ್ರದವು. ಬಿಳಿಯದರ ಕೆಚ್ಚಲು ಬಿರಿಯುವಷ್ಟು ತುಂಬಿತ್ತು. ನನ್ನ ಕಣ್ಣು ಅದರ ಮೇಲೆಯೇ ನೆಟ್ಟಿತ್ತು.

ಅಂಥದೇ ಕೆಚ್ಚಲಿಗೆ ಮರುಳಾಗಿ ಎರಡು ವರ್ಷದ ಹಿಂದೆ ಸಂತೆಯಲ್ಲಿ ಒಂದು ಆಡು ಕೊಂಡಿದ್ದೆ. ದಲ್ಲಾಳಿ ಟವೆಲಿನಡಿ ಬೆರಳು ಹಿಡಿದು ವ್ಯಾಪಾರ ಮುಗಿಸಿದ್ದ. ಹಿಂದಿನ ದಿನದಿಂದ ಕರೆಯದೆ ಬಿಟ್ಟು ಕೆಚ್ಚಲು ಉಬ್ಬಿಸಿದ್ದರು ಎಂಬುದು ಮನೆಗೆ ತಂದ ಮೇಲೆ ತಿಳಿಯಿತು. ಕರೆದರೂ ಅದು ಇಳಿಯುತ್ತಿರಲಿಲ್ಲ. ನಡುವಿನ ಕಟ್ಟು ಸಡಿಲಾಗಿ ತೊಟ್ಟುಗಳೆರಡೂ ಪಕ್ಕಕ್ಕೆ ಹೊರಳಿದ್ದವು. ನಾವು ಮೇಯಿಸುವುದು ಜಾಲಿ ಬೆಳೆದ ಬಯಲಿನಲ್ಲಿ. ಮಂಡಿಗಿಂತ ಕೆಳಗೆ ನೇತಾಡುವ ಕೆಚ್ಚಲಿಗೆ ಮುಳ್ಳು ಗೀರಿ, ಗಾಯ ಕೀವಾಗಿ, ಮುಂದಿನ ಸೂಲಿನಲ್ಲಿ ಕೆಚ್ಚಲು ಬಾವು ಬಂದು ಒಂದು ಬದಿ ಪೂರ್ತಿ ಬತ್ತಿತು. ಅದರ ಮರಿಗಳು ಅರೆಹೊಟ್ಟೆಯಲ್ಲಿ ಕೂಗುತ್ತಿದ್ದದ್ದು ಇಂದಿಗೂ ನನ್ನ ಕಿವಿಯಲ್ಲಿದೆ. ಅದಕ್ಕೇ ಈ ಸಲ ದೊಡ್ಡಮ್ಮನನ್ನು ಕರೆದುಕೊಂಡು ಬಂದದ್ದು.

ಯಜಮಾನರ ಹೆಂಡತಿ ಪಾತ್ರೆ ತಂದು ಕರೆಯಲು ಕುಳಿತರು. ಮೊದಲ ನಾಲ್ಕು ಧಾರೆಗಳನ್ನು ಕಪ್ಪು ಕಲ್ಲಿನ ಮೇಲೆ ಬಿಡುವಂತೆ ದೊಡ್ಡಮ್ಮ ಕೇಳಿಕೊಂಡರು. ಹಾಲಿನಲ್ಲಿ ಕೆಚ್ಚಲು ಬಾವಿನ ಗುರುತಾದ ಹೆಪ್ಪಿನ ಚೂರುಗಳಿದ್ದರೆ ಕಪ್ಪಿನ ಮೇಲೆ ಎದ್ದು ಕಾಣುತ್ತವೆ. ಬಿಳಿ ಆಡು ಕೊಟ್ಟದ್ದು ಒಂದು ಲೀಟರಿಗೆ ಹತ್ತಿರ, ಕೆಂದು ಬಣ್ಣದ್ದು ಅದಕ್ಕಿಂತ ತುಸು ಕಡಿಮೆ. ಅಳತೆ ನೋಡಿ ನಾನು ಬಿಳಿಯದರ ಕಡೆ ತಿರುಗಿದೆ. ದೊಡ್ಡಮ್ಮ ಅದರ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು, "ಈಗ ಮುಟ್ಟಿ ನೋಡವ್ವ" ಎಂದರು.

ಮುಟ್ಟಿದೆ. ಹಾಲೆಲ್ಲ ಹೊರಬಂದ ಮೇಲೂ ತೆಂಗಿನಕಾಯಿಯಷ್ಟು ಗಟ್ಟಿ ಮುದ್ದೆ ಕೈಗೆ ಹತ್ತಿತು; ಆ ಗಾತ್ರವೆಲ್ಲ ಹಾಲಿನದಲ್ಲ, ಮಾಂಸದ್ದು. ಕೆಂದಿನ ಕೆಚ್ಚಲಾದರೋ ಹಿಂಡಿದ ಬಟ್ಟೆಯ ಚೀಲದಂತೆ ಮಡಿಕೆ ಮಡಿಕೆಯಾಗಿ ತೊಡೆಗಳ ನಡುವೆ ಒಳಸೇರಿತ್ತು. ಹಿಂದಿನಿಂದ ನೋಡಿದರೆ ಎರಡು ಭಾಗಗಳ ನಡುವೆ ಸ್ಪಷ್ಟವಾದ ಗೀರು. ಕೆಚ್ಚಲನ್ನು ಎತ್ತಿ ಹಿಡಿದಿರುವ ನಡುಕಟ್ಟು ಗಟ್ಟಿಯಾಗಿದೆ ಎಂಬುದರ ಗುರುತು ಅದು. ಮೇಲೆ ಅಗಲವಾಗಿ ಅಂಟಿಕೊಂಡು, ಮುಂದೆ ಹೊಟ್ಟೆಯ ಕಡೆಗೆ ಜಾರಿದಂತೆ ನಯವಾಗಿ ಸೇರಿತ್ತು. ತೊಟ್ಟುಗಳು ನೇರ ಕೆಳಮುಖ, ಮುಷ್ಟಿಯಲ್ಲಿ ಹಿಡಿಯಲು ಬರುವ ಉದ್ದ. ಬಿಳಿಯದರ ಎಡ ತೊಟ್ಟಿಗೆ ಕಡಲೆಕಾಳಿನಷ್ಟು ಇನ್ನೊಂದು ತೊಟ್ಟು ಅಂಟಿಕೊಂಡಿತ್ತು. ನಾನು ಅದನ್ನು ಕಂಡೇ ಇರಲಿಲ್ಲ. "ಮರಿಗೂ ತೊಂದರೆ, ಕರೆಯುವವರಿಗೂ ತೊಂದರೆ. ಹೆಣ್ಣುಮರಿಗಳಿಗೂ ಇಳಿಯಬಹುದು" ಎಂದು ದೊಡ್ಡಮ್ಮ ಎದ್ದರು. ಬಿಳಿಯದರ ಮಾತು ಅಲ್ಲಿಗೆ ಮುಗಿಯಿತು.

ಅಕ್ಕನ ಮಗ ಹಾಸನದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದಾನೆ. ಅಮೆರಿಕದ ಹಾಲಿನ ಆಡುಗಳ ಸಂಘದವರು ಕರೆಯುವ ಆಡಿಗೆ 100 ಅಂಕಗಳ ಪಟ್ಟಿ ಇಟ್ಟುಕೊಂಡಿದ್ದಾರೆ ಎಂದು ಒಮ್ಮೆ ತೋರಿಸಿದ್ದ: ಕೆಚ್ಚಲಿಗೆ 35, ಒಟ್ಟು ಮೈಕಟ್ಟಿಗೆ 35, ಹಾಲಿನ ಲಕ್ಷಣಕ್ಕೆ 20, ಒಡಲಿನ ಗಾತ್ರಕ್ಕೆ 10. ಆ ಪಟ್ಟಿಯನ್ನು ಕಂಡೇ ಇರದ ದೊಡ್ಡಮ್ಮನ ಕೈಗಳು ಅದೇ ಜಾಗಗಳಲ್ಲಿ ಓಡಾಡುತ್ತಿದ್ದದ್ದು ನನಗೆ ಅಂದು ಬಹಳ ಹಿಡಿಸಿತು. ಪಕ್ಕೆಗೆ ಬೆರಳಿಟ್ಟು ಎರಡು ಎಲುಬುಗಳ ನಡುವಿನ ಅಂತರ ನೋಡಿದರು. ಚರ್ಮವನ್ನು ಚಿವುಟಿ ಎತ್ತಿದರು. ತೆಳ್ಳಗೆ, ಸಡಿಲವಾಗಿ ಬಂದಿತು. ಮುಂಗಾಲಿನ ಹಿಂದೆ ಎದೆಯ ಅಗಲಕ್ಕೆ ಗೇಣು ಹಾಕಿದರು. ಕೆಂದು ಆಡು ಬಡಕಲಾಗಿದೆ ಎಂದು ನನಗೆ ಅನುಮಾನ ಬಂದಾಗ ಅದರ ಕೆಳರೆಪ್ಪೆ ಮಡಚಿ ತೋರಿಸಿದರು. ಒಳಗೆ ಕೆಂಪಾಗಿತ್ತು. ಜಂತು ರಕ್ತ ಹೀರಿ ಸೊರಗಿದ್ದರೆ ಆ ಜಾಗ ಬಿಳಿಚಿರುತ್ತಿತ್ತು. ತಿಂದದ್ದನ್ನು ಹಾಲಿಗೆ ಹಾಕುವ ಆಡು ಕರೆಯುವ ಕಾಲದಲ್ಲಿ ಮೈ ತುಂಬಿಕೊಳ್ಳುವುದಿಲ್ಲ.

ಬಾಯಿ ತೆರೆಸಿದಾಗ ಹಾಲುಹಲ್ಲು ಬಿದ್ದು ಮುಂದೆ ಆರು ದೊಡ್ಡ ಹಲ್ಲು ಬಂದಿದ್ದವು, ಅಂದರೆ ಮೂರು ವರ್ಷದ ಆಸುಪಾಸು. ಕೆಳಹಲ್ಲುಗಳು ಮೇಲಿನ ವಸಡಿಗೆ ಸರಿಯಾಗಿ ಕೂತಿದ್ದವು.

ಆಮೇಲೆ ನಡೆಸಿ ನೋಡುವ ಕೆಲಸ. ಹಗ್ಗ ಹಿಡಿದು ನಾನು ಮುಂದೆ ನಡೆದೆ, ದೊಡ್ಡಮ್ಮ ಹಿಂದೆ ನಿಂತರು. ದಿನಕ್ಕೆ ಎರಡು ಮೂರು ಮೈಲಿ ಸೊಪ್ಪು ಹುಡುಕಿ ಹೋಗುವ ಪ್ರಾಣಿಗೆ ಕಾಲೇ ಬಂಡವಾಳ. ಹಿಂಗಾಲುಗಳ ಮಂಡಿಗಳು ಒಂದಕ್ಕೊಂದು ತಾಕದೆ, ನಡುವೆ ಕೆಚ್ಚಲಿಗೆ ಜಾಗ ಬಿಟ್ಟು ನಡೆಯಬೇಕು. ಗೊರಸಿನ ಮೇಲಿನ ಗಿಣ್ಣು ನೆಲಕ್ಕೆ ಕುಸಿಯಬಾರದು. ಕೆಂದು ಚೆನ್ನಾಗಿಯೇ ನಡೆಯಿತು. ಆದರೆ ಸೊಂಟದಿಂದ ಬಾಲದ ಕಡೆಗೆ ಇಳಿಜಾರು ಹೆಚ್ಚಿತ್ತು, ಒಂದು ಕಿವಿ ಹರಿದಿತ್ತು. ಕಿವಿಯ ಮಾತನ್ನು ದೊಡ್ಡಮ್ಮ ಎತ್ತಲೇ ಇಲ್ಲ. ಇಳಿಜಾರಿಗೆ ಮಾತ್ರ, "ಸೊಂಟ ಮಟ್ಟಸವಾಗಿರುವ ಹೋತ ಕೊಡಿಸಬೇಕು" ಎಂದು ಎರಡು ಸಲ ಹೇಳಿದರು.

ಮೂರನೆಯದು ಕಪ್ಪು, ಕೊಂಬಿಲ್ಲದ ಬೋಳು ಆಡು. ಮೈಕಟ್ಟಿನಲ್ಲಿ ಮೂರರಲ್ಲಿ ಅದೇ ಮೇಲು ಎಂದು ಈಗಲೂ ಹೇಳುತ್ತೇನೆ. ಬೆನ್ನು ಹಲಗೆ ಇಟ್ಟ ಹಾಗೆ, ಒಡಲು ಆಳ. ನಾನು ದುಡ್ಡು ಎಣಿಸಲು ಸಿದ್ಧಳಿದ್ದೆ. "ನಿನ್ನ ಹೋತಕ್ಕೆ ಕೊಂಬಿದೆಯೇ?" ಎಂದು ದೊಡ್ಡಮ್ಮ ಕೇಳಿದರು. ಇಲ್ಲ. ಬೋಳಿಗೆ ಬೋಳು ಕೂಡಿಸಿದರೆ ಹುಟ್ಟುವ ಹೆಣ್ಣುಮರಿಗಳಲ್ಲಿ ಕೆಲವು ಅತ್ತ ಹೆಣ್ಣಲ್ಲ, ಇತ್ತ ಗಂಡಲ್ಲ ಎಂಬಂತಾಗಿ ಗಬ್ಬ ಕಟ್ಟುವುದೇ ಇಲ್ಲವಂತೆ. ಸಂಜೆ ಅಕ್ಕನ ಮಗನಿಗೆ ಫೋನು ಮಾಡಿದಾಗ ಅವನೂ ಅದನ್ನೇ ಹೇಳಿದ: ತಂದೆ ತಾಯಿ ಇಬ್ಬರಿಂದಲೂ ಬೋಳುತನದ ಗುಣ ಪಡೆದ ಹೆಣ್ಣಿಗೆ ಹಾಗಾಗುತ್ತದೆ. ಹೋತವನ್ನೇ ಬದಲಾಯಿಸೋಣ ಎಂದು ನಾನು ವಾದಿಸಿದೆ. "ಬದಲಾಯಿಸಿದ ಮೇಲೆ ಬಂದು ಕೇಳು" ಎಂದರು ದೊಡ್ಡಮ್ಮ. ಆ ಕಪ್ಪು ಆಡನ್ನು ಬಿಟ್ಟುಬಂದದ್ದು ನನಗೆ ಇನ್ನೂ ನೋವಿನ ಸಂಗತಿ.

ಕೆಂದನ್ನೂ ಅದರ ಎರಡು ತಿಂಗಳ ಹೆಣ್ಣುಮರಿಯನ್ನೂ ಕೊಂಡು, ಲಗೇಜು ಆಟೋದಲ್ಲಿ ಮಧ್ಯಾಹ್ನದ ಹೊತ್ತಿಗೆ ಮನೆ ಸೇರಿದೆವು. ಮೂರು ವಾರ ಉಳಿದ ಆಡುಗಳ ಜೊತೆ ಬೆರೆಸುವುದು ಬೇಡವೆಂದು ಕೊಟ್ಟಿಗೆಯ ಆಚೆ ತೆಂಗಿನ ಗರಿಯ ಚಪ್ಪರದಡಿ ಕಟ್ಟಿದೆ. ಹಲಸಿನ ಸೊಪ್ಪು ಹಾಕಿದರೆ ಹೊಸ ಜಾಗವೆಂಬ ಹಿಂಜರಿಕೆಯಿಲ್ಲದೆ ತಿಂದಿತು. ದೊಡ್ಡಮ್ಮ ಊಟ ಮುಗಿಸಿ ಮಲಗಿದರು.

ರಾತ್ರಿ ಟಾರ್ಚು ಹಿಡಿದು ಮತ್ತೆ ಹೋದೆ. ಮರಿ ತಾಯಿಯ ಪಕ್ಕೆಗೆ ಒರಗಿ ಮಲಗಿತ್ತು. ಬೆಳಿಗ್ಗೆ ದೊಡ್ಡಮ್ಮ ನೋಡಿದ್ದರೂ ಅದನ್ನು ಮೆಲ್ಲಗೆ ಎತ್ತಿ, ಹೊಟ್ಟೆಯ ಕೆಳಗೆ ಬೆರಳಾಡಿಸಿದೆ. ಎರಡೇ ತೊಟ್ಟು, ಸಮನಾಗಿ, ಒಂದಕ್ಕೊಂದು ದೂರದಲ್ಲಿ. ಮತ್ತೆ ತಾಯಿಯ ಪಕ್ಕ ಮಲಗಿಸಿದೆ.